ಹೊಸ ಬ್ಲೇಡ್ ಒಂದೇ ಸಾಲದು: ಕ್ಷೌರದಂಗಡಿಯ ಕಾಣದ ಜೀವಿಗಳು

ಭಾನುವಾರ ಬೆಳಗ್ಗೆ ನಮ್ಮ ಊರುಗಳ ಕ್ಷೌರದಂಗಡಿಗಳಲ್ಲಿ ಕುಳಿತುಕೊಳ್ಳಲು ಜಾಗ ಸಿಗುವುದು ಕಷ್ಟ. ಸರದಿ ಬಂದು ಕುರ್ಚಿಯೇರಿದ ಗಿರಾಕಿಯ ಕಣ್ಣೆದುರಿಗೇ ಕ್ಷೌರಿಕರು ಹೊಸ ಬ್ಲೇಡಿನ ಕಾಗದ ಬಿಡಿಸುತ್ತಾರೆ, ಅದನ್ನು ಎರಡಾಗಿ ಮುರಿದು ಕತ್ತಿಯ ಹಿಡಿಗೆ ಸೇರಿಸುತ್ತಾರೆ. ಗಿರಾಕಿಗೆ ಸಮಾಧಾನ. ಕ್ಷೌರ ನಡೆಯುವಾಗ ದವಡೆಯ ಬಳಿ ಎಲ್ಲೋ ಒಂದು ಸಣ್ಣ ಗೀರು ಬೀಳುತ್ತದೆ. ‘ಏನಿಲ್ಲ ಸಾರ್’ ಎನ್ನುತ್ತ ಕ್ಷೌರಿಕರು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ ಪಟಿಕದ ಕಲ್ಲನ್ನು ನೀರಿನಲ್ಲಿ ಅದ್ದಿ ಗಾಯದ ಮೇಲೆ ತಿಕ್ಕುತ್ತಾರೆ. ಚುರ್ ಎನ್ನುತ್ತದೆ, ರಕ್ತ ನಿಲ್ಲುತ್ತದೆ. ಕಲ್ಲು ಮತ್ತೆ ಅದೇ ಹಲಗೆಗೆ ಮರಳುತ್ತದೆ. ಹತ್ತು ನಿಮಿಷದ ಅನಂತರ ಅದು ಮುಂದಿನ ಗಿರಾಕಿಯ ಕೆನ್ನೆಯ ಮೇಲಿರುತ್ತದೆ.

ಬ್ಲೇಡ್ ಹೊಸದು, ಸರಿ. ಆದರೆ ಕಲ್ಲು ಹಳೆಯದು. ಬ್ಲೇಡನ್ನು ಹಿಡಿದಿರುವ ಕತ್ತಿಯ ಹಿಡಿ ಹಳೆಯದು. ಅದರ ಸೀಳಿನಲ್ಲಿ ನೊರೆ, ಕೂದಲು, ಒಣಗಿದ ರಕ್ತದ ಕಣ ಉಳಿದಿರಬಹುದು. ಬ್ರಷ್ಷು, ಕೊರಳಿಗೆ ಸುತ್ತಿದ ಬಟ್ಟೆ, ಮುಖ ಒರೆಸಿದ ಟವೆಲ್ಲು, ಕಿವಿಯ ಹಿಂದಿನ ಕೂದಲು ತೆಗೆದ ಯಂತ್ರದ ಹಲ್ಲುಗಳು, ಎಲ್ಲವೂ ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ಸಾಗುವಂಥವೇ. ತೊಂಬತ್ತರ ದಶಕದಿಂದೀಚೆಗೆ ಏಡ್ಸ್ ಕುರಿತ ಪ್ರಚಾರ ನಮ್ಮ ಅಂಗಡಿಗಳಿಗೆ ಒಂದು ಒಳ್ಳೆಯ ಅಭ್ಯಾಸವನ್ನು ಕಲಿಸಿತು: ಪ್ರತಿಯೊಬ್ಬರಿಗೂ ಹೊಸ ಬ್ಲೇಡ್. ಆದರೆ ಆ ಪಾಠ ಅಲ್ಲಿಗೇ ನಿಂತಿತು. ಬ್ಲೇಡ್ ಬದಲಾದರೆ ಅಪಾಯವೆಲ್ಲ ಕಳೆಯಿತೆಂಬ ಭ್ರಮೆ ಉಳಿದುಕೊಂಡಿತು.

ಈ ಭ್ರಮೆಗೆ ಮೊದಲು ಬೆಲೆ ತೆರುವವರು ಗಿರಾಕಿಗಳಲ್ಲ. ಗಿರಾಕಿ ತಿಂಗಳಿಗೆ ಒಂದೆರಡು ಸಲ ಅಂಗಡಿಗೆ ಬರುತ್ತಾನೆ. ಕ್ಷೌರಿಕರು ದಿನವಿಡೀ ಹರಿತವಾದ ಆಯುಧ ಹಿಡಿದು, ಅನೇಕ ಸಲ ತಮ್ಮ ಬೆರಳಿನಲ್ಲೇ ಗೀರುಗಳಿದ್ದರೂ, ಹತ್ತಾರು ಜನರ ಚರ್ಮವನ್ನು ಮುಟ್ಟುತ್ತಾರೆ. ಆದ್ದರಿಂದ ಮುಂದಿನ ಮಾತುಗಳನ್ನು ಅವರ ಮೇಲಿನ ದೂರೆಂದು ತಿಳಿಯದೆ, ಅವರ ರಕ್ಷಣೆಗಾಗಿ ಹೇಳಿದ್ದೆಂದು ತಿಳಿಯಬೇಕಾಗಿ ವಿನಂತಿ.

ಕಣ್ಣಿಗೆ ಕಾಣದ ಗಿರಾಕಿಗಳು

ಬ್ಯಾಕ್ಟೀರಿಯಾ ಎಂಬುದು ಒಂದೇ ಜೀವಕೋಶದ ಜೀವಿ. ಕ್ಷೌರದಂಗಡಿಯಲ್ಲಿ ನಮಗೆ ಬಹಳವಾಗಿ ಎದುರಾಗುವ ಸ್ಟೆಫಿಲೊಕಾಕಸ್ ಜಾತಿಯ ಗುಂಡು ಬ್ಯಾಕ್ಟೀರಿಯಾಗಳನ್ನು ಸಾಲಾಗಿ ಇರಿಸಿದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು ಸಾವಿರ ಹಿಡಿಯುತ್ತವೆ. ಅವೆಲ್ಲವೂ ಶತ್ರುಗಳಲ್ಲ. ನಮ್ಮ ಚರ್ಮದ ಮೇಲೆ, ಬಾಯಿಯಲ್ಲಿ, ಕರುಳಿನಲ್ಲಿ ಅಸಂಖ್ಯ ಬ್ಯಾಕ್ಟೀರಿಯಾಗಳು ವಾಸವಾಗಿವೆ; ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು, ಕೆಲವು ಉಪಕಾರಿಗಳೂ ಹೌದು. ಕೀವುಗುಳ್ಳೆ, ಕುರುಗಳಿಗೆ ಕಾರಣವಾಗುವ ಸ್ಟೆಫಿಲೊಕಾಕಸ್ ಆರಿಯಸ್ ಕೂಡ ಮೂರರಲ್ಲಿ ಸುಮಾರು ಒಬ್ಬರ ಮೂಗಿನಲ್ಲಿ ಯಾವ ಕಾಯಿಲೆಯನ್ನೂ ಉಂಟುಮಾಡದೆ ತಣ್ಣಗೆ ಕುಳಿತಿರುತ್ತದೆ.

ಹಾಗಾದರೆ ಅದು ಯಾವಾಗ ರೋಗವಾಗುತ್ತದೆ? ಬಾಗಿಲು ತೆರೆದಾಗ. ಚರ್ಮವು ಕೋಟೆಯ ಗೋಡೆಯಿದ್ದಂತೆ. ಕ್ಷೌರವೆಂದರೆ ಆ ಗೋಡೆಯ ಮೇಲ್ಪದರವನ್ನು ಹೆರೆಯುವ ಕೆಲಸ. ರಕ್ತ ಕಾಣದಿದ್ದರೂ ಹರಿತವಾದ ಅಂಚು ಸೂಕ್ಷ್ಮವಾದ ಗೀರುಗಳನ್ನು ಬಿಟ್ಟಿರುತ್ತದೆ. ಅದರ ಮೇಲೆ ಒದ್ದೆ ಟವೆಲ್ಲು ಆಡಿದರೆ ಟವೆಲ್ಲಿನಲ್ಲಿದ್ದದ್ದು ಗೀರಿನೊಳಕ್ಕೆ ಇಳಿಯುತ್ತದೆ. ತೇವ, ಬೆಚ್ಚನೆಯ ಹವೆ, ಚರ್ಮದ ಎಣ್ಣೆಯ ಜಿಡ್ಡು ಇವಿಷ್ಟು ಸಿಕ್ಕರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅನುಕೂಲವಾದ ಪರಿಸ್ಥಿತಿಯಲ್ಲಿ ಕೆಲವು ಬಗೆಯವು ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಈ ಲೆಕ್ಕದಲ್ಲಿ ಬೆಳಗ್ಗೆ ಅಂಗಡಿ ತೆರೆದಾಗ ಇದ್ದ ಒಂದೇ ಒಂದು ಜೀವಿ ಏಳು ಗಂಟೆ ಕಳೆಯುವಷ್ಟರಲ್ಲಿ ಇಪ್ಪತ್ತು ಲಕ್ಷ ದಾಟಬಹುದು. ಒಣ ಬಟ್ಟೆಯ ಮೇಲೆ ಹೀಗಾಗುವುದಿಲ್ಲ. ದಿನವಿಡೀ ಹಸಿಯಾಗಿ ಮೊಳೆಗೆ ತೂಗುಬಿಟ್ಟ ಟವೆಲ್ಲಿನ ಮಾತು ಬೇರೆ.

ಕ್ಷೌರದ ಮರುದಿನ ಗಡ್ಡದ ಕೂದಲಿನ ಬುಡದಲ್ಲಿ ಕೆಂಪಗೆ ಏಳುವ ಸಣ್ಣ ಗುಳ್ಳೆಗಳನ್ನು ನಾವು ‘ಬ್ಲೇಡ್ ಅಲರ್ಜಿ’ ಎಂದು ತಳ್ಳಿಹಾಕುತ್ತೇವೆ. ಅವುಗಳಲ್ಲಿ ಹಲವು ಒಳಗೆ ಬಾಗಿ ಬೆಳೆದ ಕೂದಲಿನಿಂದಾದ ಉರಿಯೂತ. ಆದರೆ ಹಳದಿ ಕೀವಿನ ತಲೆಯುಳ್ಳವು ಬಹುಮಟ್ಟಿಗೆ ಬ್ಯಾಕ್ಟೀರಿಯಾದ ಸೋಂಕು. ಅಂಥ ಗುಳ್ಳೆಯಿರುವ ಮುಖಕ್ಕೆ ಮತ್ತೆ ಕತ್ತಿಯಿಟ್ಟರೆ ಅದು ಇಡೀ ಕೆನ್ನೆಗೆ ಹರಡುತ್ತದೆ. ಮೂಗಿನ ಬೇರಿನಿಂದ ಬಾಯಿಯ ಎರಡು ಕೊನೆಗಳವರೆಗಿನ ತ್ರಿಕೋನಾಕಾರದ ಭಾಗದ ಬಗ್ಗೆ ವೈದ್ಯರು ವಿಶೇಷ ಎಚ್ಚರಿಕೆ ಹೇಳುತ್ತಾರೆ. ಅಲ್ಲಿಯ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ನಾಳಗಳೊಂದಿಗೆ ಸಂಪರ್ಕವಿದೆ. ಆದ್ದರಿಂದ ಮೂಗಿನ ಕೂದಲನ್ನು ಚಿಮುಟದಿಂದ ಕೀಳುವುದು, ತುಟಿಯ ಮೇಲಿನ ಗುಳ್ಳೆಯನ್ನು ಉಗುರಿನಿಂದ ಹಿಂಡುವುದು ಅಪರೂಪಕ್ಕಾದರೂ ಪ್ರಾಣಕ್ಕೆ ಎರವಾಗಬಲ್ಲ ಸೋಂಕಿಗೆ ದಾರಿ. ಫೇಶಿಯಲ್ ಮಾಡುವ ಸೋದರಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ಶಿಲೀಂಧ್ರದ ಕಥೆ ಇನ್ನೊಂದು. ಹುಳುಕಡ್ಡಿ ಎಂದು ನಾವು ಕರೆಯುವುದು ಹುಳುವಿನಿಂದ ಬರುವುದಲ್ಲ, ಚರ್ಮ ಮತ್ತು ಕೂದಲನ್ನು ತಿಂದು ಬದುಕುವ ಶಿಲೀಂಧ್ರದಿಂದ. ವಿದ್ಯುತ್ ಯಂತ್ರದಿಂದ ಕೊರಳ ಹಿಂಭಾಗವನ್ನು ನುಣ್ಣಗೆ ಮಾಡುವ ಈಗಿನ ಶೈಲಿಯಲ್ಲಿ ಆ ಯಂತ್ರದ ಹಲ್ಲುಗಳು ಇದನ್ನು ಹೊತ್ತೊಯ್ಯಬಲ್ಲವು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೆರಾಯ್ಡ್ ಬೆರೆತ ಮುಲಾಮುಗಳ ಅತಿಬಳಕೆಯೂ ಸೇರಿ, ಒಂದು ಕಾಲದಲ್ಲಿ ಎರಡು ವಾರಕ್ಕೆ ವಾಸಿಯಾಗುತ್ತಿದ್ದ ಹುಳುಕಡ್ಡಿ ಇಂದು ತಿಂಗಳುಗಟ್ಟಲೆ ಕಾಡುತ್ತಿದೆ ಎಂಬುದು ಚರ್ಮವೈದ್ಯರ ಅಳಲು.

ಒಣಗಿದ ರಕ್ತದಲ್ಲಿ ಏಳು ದಿನ

ಇಷ್ಟಾದರೂ ಕುರು, ಗುಳ್ಳೆ, ಹುಳುಕಡ್ಡಿ ಕಣ್ಣಿಗೆ ಕಾಣುವ ಕಾಯಿಲೆಗಳು. ಕಂಡದ್ದಕ್ಕೆ ಮದ್ದು ಹುಡುಕಬಹುದು. ಕ್ಷೌರದಂಗಡಿಯ ನಿಜವಾದ ಭಯ ಕಾಣದ ಕಾಯಿಲೆ, ಹೆಪಟೈಟಿಸ್ ಬಿ.

ಇದು ಬ್ಯಾಕ್ಟೀರಿಯಾ ಅಲ್ಲ, ವೈರಾಣು. ಬ್ಯಾಕ್ಟೀರಿಯಾಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚಿಕ್ಕದು. ತಾನಾಗಿ ಬೆಳೆಯಲಾರದು, ನಮ್ಮ ಯಕೃತ್ತಿನ ಕೋಶದೊಳಗೆ ಹೊಕ್ಕೇ ಹೆಚ್ಚಬೇಕು. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದರ ಜಾಡು ಹಿಡಿದರು. ಅದಕ್ಕಾಗಿ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಎಚ್‌ಐವಿ ದೇಹದ ಹೊರಗೆ ಬಹಳ ದುರ್ಬಲ. ಹೆಪಟೈಟಿಸ್ ಬಿ ಹಾಗಲ್ಲ. ಒಣಗಿಹೋದ, ಕಣ್ಣಿಗೂ ಕಾಣದಷ್ಟು ಸಣ್ಣ ರಕ್ತದ ಕಲೆಯಲ್ಲಿ ಅದು ಕನಿಷ್ಠ ಏಳು ದಿನ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಆಸ್ಪತ್ರೆಗಳಲ್ಲಿ ಸೋಂಕಿತ ಸೂಜಿ ಚುಚ್ಚಿಕೊಂಡ ಸಿಬ್ಬಂದಿಯ ಅನುಭವದಿಂದ ತಿಳಿದ ಲೆಕ್ಕವೊಂದಿದೆ. ಹೀಗೆ ಚುಚ್ಚಿಕೊಂಡವರಲ್ಲಿ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು ಮೂರು. ಲಸಿಕೆ ಪಡೆಯದವರಲ್ಲಿ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಕ್ಷೌರದ ಗೀರು ಸೂಜಿಯ ಚುಚ್ಚುವಿಕೆಗೆ ಸಮವಲ್ಲ, ಅಪಾಯ ಅದಕ್ಕಿಂತ ಕಡಿಮೆ. ಆದರೂ ನಾವು ಯಾವುದಕ್ಕೆ ಹೆಚ್ಚು ಹೆದರಬೇಕಿತ್ತೋ ಅದನ್ನು ಬಿಟ್ಟು ಇನ್ನೊಂದಕ್ಕೆ ಹೆದರಿದೆವು ಎಂಬುದನ್ನು ಈ ಎರಡು ಅಂಕಿಗಳು ತೋರಿಸುತ್ತವೆ.

ವಯಸ್ಕರಲ್ಲಿ ಈ ವೈರಾಣು ಹೊಕ್ಕವರ ಪೈಕಿ ಅನೇಕರಿಗೆ ಕಾಮಾಲೆಯೂ ಆಗುವುದಿಲ್ಲ. ಹೆಚ್ಚಿನವರು ಆರು ತಿಂಗಳೊಳಗೆ ಅದನ್ನು ತಾವೇ ಹೊರಹಾಕುತ್ತಾರೆ. ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಅದು ನೆಲೆಸಿ, ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಸವೆಸಿ, ಸಿರೋಸಿಸ್ ಅಥವಾ ಕ್ಯಾನ್ಸರಿನಲ್ಲಿ ಕೊನೆಗಾಣಬಹುದು. ಹುಟ್ಟುವಾಗಲೇ ತಾಯಿಯಿಂದ ತಗಲಿದ ಕೂಸುಗಳಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು ತೊಂಬತ್ತು. ಎಂದರೆ, ಕುರ್ಚಿಯಲ್ಲಿ ಕುಳಿತ ಗಟ್ಟಿಮುಟ್ಟಾದ ಯುವಕನೇ ಹುಟ್ಟಿನಿಂದ ವೈರಾಣುವಾಹಕನಾಗಿದ್ದು, ಅದು ಅವನಿಗೇ ತಿಳಿಯದಿರುವ ಸಾಧ್ಯತೆ ಇದೆ. ಆದ್ದರಿಂದ ‘ನೋಡಿದರೆ ಗೊತ್ತಾಗುತ್ತದೆ, ನಮ್ಮ ಗಿರಾಕಿಗಳೆಲ್ಲ ಮರ್ಯಾದಸ್ಥರು’ ಎಂಬ ಮಾತಿಗೆ ಅರ್ಥವಿಲ್ಲ. ರಕ್ತ ಯಾರದ್ದೇ ಆಗಲಿ, ಸೋಂಕಿದೆ ಎಂದು ಭಾವಿಸಿಯೇ ಕೆಲಸ ಮಾಡಬೇಕು. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ತೊಳೆಯುವುದು ಬೇರೆ, ಕೊಲ್ಲುವುದು ಬೇರೆ

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ನಿಯಮ ತಂದರು: ಶವಪರೀಕ್ಷೆ ಮಾಡಿ ಬಂದವರು ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯದೆ ಬಾಣಂತಿಯರನ್ನು ಮುಟ್ಟಕೂಡದು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಬರಿಯ ಸಾಬೂನಿನಿಂದ ಹೋಗದ ಯಾವುದೋ ಒಂದು ಕೈಗಳಲ್ಲಿ ಉಳಿಯುತ್ತದೆ ಎಂಬುದು ಅವರ ತರ್ಕವಾಗಿತ್ತು. ಬ್ಯಾಕ್ಟೀರಿಯಾ ರೋಗಕ್ಕೆ ಕಾರಣವೆಂದು ಜಗತ್ತು ಒಪ್ಪುವ ಎಷ್ಟೋ ಮೊದಲು ಅವರು ಇದನ್ನು ಕಂಡುಕೊಂಡರು.

ಅಂಗಡಿಯಲ್ಲಿಯೂ ಮೂರು ಕೆಲಸಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮೊದಲನೆಯದು ತೊಳೆಯುವುದು: ಸಾಬೂನು ನೀರಿನಿಂದ ಬ್ರಷ್ ಹಾಕಿ ತಿಕ್ಕಿ ಕೂದಲು, ಜಿಡ್ಡು, ರಕ್ತ ತೆಗೆಯುವುದು. ಎರಡನೆಯದು ಸೋಂಕುನಾಶ: ಔಷಧದಿಂದಲೋ ಕುದಿಯುವ ನೀರಿನಿಂದಲೋ ಹೆಚ್ಚಿನ ರೋಗಾಣುಗಳನ್ನು ಕೊಲ್ಲುವುದು. ಮೂರನೆಯದು ಕ್ರಿಮಿಶುದ್ಧಿ: ಬೀಜದಂತೆ ಗಟ್ಟಿಚಿಪ್ಪು ಕಟ್ಟಿಕೊಂಡು ಮಲಗಿರುವ ಧನುರ್ವಾಯುವಿನಂಥ ಬ್ಯಾಕ್ಟೀರಿಯಾದ ಬೀಜಾಣುಗಳೂ ಸೇರಿದಂತೆ ಎಲ್ಲವನ್ನೂ ಇಲ್ಲವಾಗಿಸುವುದು. ಈ ಕೊನೆಯದಕ್ಕೆ ಆಟೊಕ್ಲೇವ್ ಬೇಕು, 121 ಡಿಗ್ರಿ ಸೆಲ್ಸಿಯಸ್ ಶಾಖದ ಒತ್ತಡದ ಹಬೆ 15ರಿಂದ 20 ನಿಮಿಷ ತಾಗಬೇಕು. ಸಾಮಾನ್ಯ ಕ್ಷೌರದಂಗಡಿಗೆ ಮೊದಲೆರಡು ಸರಿಯಾಗಿ ನಡೆದರೆ ಬಹುಮಟ್ಟಿಗೆ ಸಾಕು.

ಆದರೆ ಎರಡರ ಕ್ರಮ ತಪ್ಪಬಾರದು. ತೊಳೆಯದೆ ಔಷಧದಲ್ಲಿ ಅದ್ದಿದರೆ ಅದು ವ್ಯರ್ಥ. ರಕ್ತ, ಜಿಡ್ಡುಗಳ ಪದರ ರೋಗಾಣುವಿಗೆ ಹೊದಿಕೆಯಾಗುತ್ತದೆ, ಔಷಧದ ಶಕ್ತಿಯನ್ನೂ ಹೀರಿಬಿಡುತ್ತದೆ. ಎಷ್ಟೋ ಅಂಗಡಿಗಳಲ್ಲಿ ಒಂದು ಗಾಜಿನ ಲೋಟದಲ್ಲಿ ಬಿಳಿಚಿದ ನಂಜುನಿರೋಧಕ ನೀರು ಇರುತ್ತದೆ. ಬಾಚಣಿಗೆ, ಕತ್ತರಿ ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಈಜುತ್ತಿರುತ್ತವೆ, ಅವುಗಳ ಜೊತೆಗೆ ಕೂದಲೂ. ಆ ಲೋಟದ ವಾಸನೆ ಮಾತ್ರ ಆಸ್ಪತ್ರೆಯದು. ಕೆಲಸ ಆಸ್ಪತ್ರೆಯದಲ್ಲ. ಇನ್ನು ಕೆಲವೆಡೆ ನೀಲಿ ಬೆಳಕಿನ ಪೆಟ್ಟಿಗೆ ಕಾಣುತ್ತದೆ. ಆ ನೇರಳಾತೀತ ಕಿರಣ ತಾನು ನೇರವಾಗಿ ಬಿದ್ದ ಮೇಲ್ಮೈಯನ್ನಷ್ಟೇ ತಾಗುತ್ತದೆ, ಕತ್ತರಿಯ ಸಂದಿಗೆ, ಬಾಚಣಿಗೆಯ ನೆರಳಿಗೆ ತಲುಪುವುದಿಲ್ಲ. ಶುದ್ಧವಾದದ್ದನ್ನು ಇಟ್ಟುಕೊಳ್ಳಲು ಅದು ಒಳ್ಳೆಯ ಕಪಾಟು, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಅಗ್ಗದ ದಾರಿಗಳಿವೆ. ಲೋಹದ ಉಪಕರಣಗಳನ್ನು ತೊಳೆದು, ಪೂರ್ಣ ಮುಳುಗುವಂತೆ 20 ನಿಮಿಷ ಕುದಿಸಿದರೆ ಹೆಪಟೈಟಿಸ್ ವೈರಾಣುಗಳೂ ಸಾಮಾನ್ಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಬೀಜಾಣುಗಳು ಮಾತ್ರ ಉಳಿಯಬಹುದು. ರಕ್ತ ತಾಗಿದ ವಸ್ತುಗಳಿಗೆ ಮನೆಬಳಕೆಯ ಸುಮಾರು 5 ಶೇಕಡಾ ಶಕ್ತಿಯ ದ್ರವ ಬ್ಲೀಚಿನ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ, ತೊಳೆದ ಉಪಕರಣವನ್ನು 10 ನಿಮಿಷ ಮುಳುಗಿಸಿಟ್ಟು, ಬಳಿಕ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಬೇಕು. ಈ ದ್ರಾವಣವನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಹೆಚ್ಚು ಹೊತ್ತು ಬಿಟ್ಟರೆ ಲೋಹ ತುಕ್ಕು ಹಿಡಿಯುತ್ತದೆ. ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಬ್ಲೀಚನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ವಿದ್ಯುತ್ ಯಂತ್ರದ ಹಲ್ಲುಗಳಂಥ ನೀರು ತಾಗಿಸಲಾಗದ ಭಾಗಗಳಿಗೆ, ಕೂದಲು ಬ್ರಷ್‌ನಿಂದ ತೆಗೆದ ಮೇಲೆ, 70 ಶೇಕಡಾ ಆಲ್ಕೋಹಾಲ್ ಒಳ್ಳೆಯದು. ‘ನೂರು ಶೇಕಡಾ ಇನ್ನೂ ಒಳ್ಳೆಯದಲ್ಲವೇ?’ ಎಂದು ಕೇಳುವವರುಂಟು. ಅಲ್ಲ. ರೋಗಾಣುವಿನ ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲಿಗೆ ನೀರಿನ ಸಹಾಯ ಬೇಕು, ಅಲ್ಲದೆ ಶುದ್ಧ ಆಲ್ಕೋಹಾಲ್ ಬೇಗ ಆರಿಹೋಗುತ್ತದೆ. ಒದ್ದೆಯಾಗಿ ಕೆಲಹೊತ್ತು ಇದ್ದರಷ್ಟೇ ಅದು ಕೆಲಸ ಮಾಡುವುದು.

ಪಟಿಕದ ವಿಚಾರಕ್ಕೆ ಮರಳೋಣ. ಪಟಿಕ ರಕ್ತ ನಿಲ್ಲಿಸುವುದು ನಿಜ. ಚರ್ಮದ ಪ್ರೋಟೀನುಗಳನ್ನು ಬಿಗಿಗೊಳಿಸಿ ಸಣ್ಣ ಗಾಯವನ್ನು ಮುಚ್ಚುತ್ತದೆ. ಆದರೆ ಒಬ್ಬರ ರಕ್ತ ತಾಗಿದ ಕಲ್ಲನ್ನು ಇನ್ನೊಬ್ಬರ ಗಾಯಕ್ಕೆ ಒತ್ತುವುದು ಹೊಸ ಬ್ಲೇಡಿನ ಲಾಭವನ್ನೆಲ್ಲ ನೀರಿಗೆ ಹಾಕಿದಂತೆ. ಪಟಿಕವನ್ನು ಪುಡಿ ಮಾಡಿ ಡಬ್ಬಿಯಲ್ಲಿಟ್ಟು, ಬೇಕಾದಾಗ ಹತ್ತಿಯ ಮೇಲೆ ಚಿಟಿಕೆ ಉದುರಿಸಿ ಒತ್ತಿ, ಹತ್ತಿಯನ್ನು ಎಸೆದರೆ ಮುಗಿಯಿತು. ಬ್ರಷ್ಷಿಗೂ ಚರಿತ್ರೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿಗೊಳಿಸದ ಕುದುರೆ ಕೂದಲಿನಿಂದ ಮಾಡಿದ ಕ್ಷೌರದ ಬ್ರಷ್ಷುಗಳಿಂದ ಬ್ರಿಟನ್, ಅಮೆರಿಕಗಳ ಸೈನಿಕರೂ ನಾಗರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಜನರಿಗೆ ಆಂಥ್ರಾಕ್ಸ್ ತಗಲಿತು. ದನಕುರಿಗಳ ಈ ರೋಗವನ್ನು ನಮ್ಮ ಹಳ್ಳಿಗಳಲ್ಲಿ ನೆರಡಿ ರೋಗವೆನ್ನುತ್ತಾರೆ. ಇಂದಿನ ನೈಲಾನ್ ಬ್ರಷ್ಷಿನಿಂದ ಆ ಭಯವಿಲ್ಲ. ಆದರೂ ಹಸಿ ಬ್ರಷ್ಷನ್ನು ಮುಚ್ಚಿಡದೆ, ತೊಳೆದು ಒಣಗಲು ಬಿಡಬೇಕು. ಕೊಳವೆಯ ನೊರೆಯನ್ನು ಕೈಯಿಂದಲೇ ಹಚ್ಚಿದರೆ ಇನ್ನೂ ಉತ್ತಮ.

ಪಾರ್ಲರಿನ ಒಳಗೆ

2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಉಗುರು ಸಲೂನಿಗೆ ಹೋಗಿಬಂದ 110 ಗಿರಾಕಿಗಳ ಮೊಣಕಾಲ ಕೆಳಗೆ ಕುರುಗಳೆದ್ದವು. ಅವು ತಿಂಗಳುಗಟ್ಟಲೆ ಮಾಯಲಿಲ್ಲ, ಕಲೆ ಬಿಟ್ಟುಹೋದವು. ಆರೋಗ್ಯಾಧಿಕಾರಿಗಳು ಪಾದ ನೆನೆಸುವ ಸುಳಿನೀರಿನ ತೊಟ್ಟಿಗಳನ್ನು ಬಿಚ್ಚಿ ನೋಡಿದಾಗ ನೀರು ಹೀರುವ ಜಾಲರಿಯ ಹಿಂದೆ ಕೂದಲು ಮತ್ತು ಚರ್ಮದ ಕಸ ಗಟ್ಟಿಯಾಗಿ ಸೇರಿತ್ತು. ಅದರಲ್ಲಿ ಮೈಕೊಬ್ಯಾಕ್ಟೀರಿಯಂ ಫಾರ್ಚುಯಿಟಮ್ ಎಂಬ, ನಲ್ಲಿ ನೀರಿನಲ್ಲೂ ಇರಬಲ್ಲ ಬ್ಯಾಕ್ಟೀರಿಯಾ ಮನೆಮಾಡಿತ್ತು. ಪೆಡಿಕ್ಯೂರ್‌ಗೆ ಮೊದಲು ಕಾಲಿನ ಕೂದಲು ಬೋಳಿಸಿಕೊಂಡಿದ್ದವರಿಗೆ ರೋಗ ಹೆಚ್ಚಾಗಿ ತಗಲಿತ್ತು. ತೊಟ್ಟಿ ಹೊರಗಿನಿಂದ ಹೊಳೆಯುತ್ತಿದ್ದಿರಬೇಕು. ಜಾಲರಿಯ ಹಿಂದೆ ಯಾರೂ ನೋಡಿರಲಿಲ್ಲ. ನಮ್ಮ ನಗರಗಳಲ್ಲಿಯೂ ಈಗ ಇಂಥ ತೊಟ್ಟಿಗಳು ಸಾಮಾನ್ಯವಾಗಿವೆ. ಸಾದಾ ಪ್ಲಾಸ್ಟಿಕ್ ಟಬ್ಬು ಇದಕ್ಕಿಂತ ಸುರಕ್ಷಿತ: ಒಳಗೆ ಕೊಳವೆಯಿಲ್ಲ, ತಿಕ್ಕಿ ತೊಳೆದರೆ ಆಯಿತು.

ವ್ಯಾಕ್ಸಿನ ಪಾತ್ರೆಗೆ ಚರ್ಮ ಮುಟ್ಟಿದ ಕಡ್ಡಿಯನ್ನೇ ಮತ್ತೆ ಅದ್ದುವುದು ಇನ್ನೊಂದು ತಪ್ಪು. ವ್ಯಾಕ್ಸಿನ ಶಾಖ ಎಲ್ಲವನ್ನೂ ಕೊಲ್ಲುತ್ತದೆಂದು ನಂಬುವವರಿದ್ದಾರೆ. ಚರ್ಮ ತಾಳುವಷ್ಟು ಶಾಖವನ್ನು ರೋಗಾಣುವೂ ತಾಳಬಲ್ಲದು. ಹುಬ್ಬು ತಿದ್ದುವ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪದ್ಧತಿ ನಮ್ಮಲ್ಲಿ ಬಲವಾಗಿದೆ. ದಾರ ತಾಗಿ ಕೆಂಪಾದ ಚರ್ಮಕ್ಕೆ ಅದು ಎಂಜಲನ್ನು ತಲುಪಿಸುತ್ತದೆ, ಗಿರಾಕಿಯ ಚರ್ಮದ್ದನ್ನು ಕೆಲಸದಾಕೆಯ ಬಾಯಿಗೂ ತರುತ್ತದೆ. ದಾರವನ್ನು ಕೊರಳಿಗೆ ಕಟ್ಟಿಕೊಂಡು ಕೆಲಸ ಮಾಡುವ ರೀತಿ ಇದೆ. ಕೆಲವೇ ದಿನಗಳಲ್ಲಿ ಕೈ ಹೊಂದಿಕೊಳ್ಳುತ್ತದೆ.

ಖರ್ಚು ಯಾರದು?

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಅಂಗಡಿಗಳ ಬಾಗಿಲು ಮುಚ್ಚಿದಾಗ ಈ ವೃತ್ತಿ ಎಷ್ಟು ಜನರ ಅನ್ನವೆಂಬುದು ಎಲ್ಲರಿಗೂ ಅರಿವಾಯಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2 ಲಕ್ಷ 30 ಸಾವಿರ ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಅಂಗಡಿ ಮತ್ತೆ ತೆರೆದಾಗ ಎಸೆಯುವ ಬಟ್ಟೆ, ಗಿರಾಕಿಗೊಂದು ಟವೆಲ್ಲು, ಕೈಗೆ ಸ್ಯಾನಿಟೈಸರ್ ಬಂದವು. ಕೆಲವು ತಿಂಗಳಲ್ಲಿ ಹೆಚ್ಚಿನ ಕಡೆ ಅವು ಮಾಯವಾದವು. ಕಾರಣ ಅಸಡ್ಡೆಯಷ್ಟೇ ಅಲ್ಲ. ಹತ್ತು ರೂಪಾಯಿ ದರ ಏರಿಸಿದರೆ ಮುಖ ಸಿಂಡರಿಸುವ ಗಿರಾಕಿಯೇ ಒಗೆದ ಟವೆಲ್ಲನ್ನೂ ನಿರೀಕ್ಷಿಸುತ್ತಾನೆ. ಈ ಲೇಖಕನ ಅಭಿಪ್ರಾಯದಲ್ಲಿ ಆ ಹತ್ತು ರೂಪಾಯಿಯನ್ನು ಕೊಡಬೇಕಾದವನು ಗಿರಾಕಿಯೇ. ತಂದೆಯಿಂದ ಮಗನಿಗೆ, ಅಂಗಡಿಯ ನೆಲದ ಮೇಲೆ ಕಲಿತು ಬಂದ ವಿದ್ಯೆಯಲ್ಲಿ ಕತ್ತರಿ ಹಿಡಿಯುವುದನ್ನು ಹೇಳಿಕೊಟ್ಟವರಿದ್ದರು, ವೈರಾಣುವಿನ ಬಗ್ಗೆ ಹೇಳಲು ಯಾರೂ ಇರಲಿಲ್ಲ.

ಬಳಸಿದ ಬ್ಲೇಡ್‌ಗಳ ಮಾತನ್ನೂ ಹೇಳಬೇಕು. ಅವನ್ನು ಕೂದಲಿನೊಂದಿಗೆ ಗುಡಿಸಿ ಕಸದ ಚೀಲಕ್ಕೆ ಹಾಕಿದರೆ ಮರುದಿನ ಬೆಳಗ್ಗೆ ಬರಿಗೈಯಲ್ಲಿ ಅದನ್ನು ಬೇರ್ಪಡಿಸುವವರು ಪೌರಕಾರ್ಮಿಕರು. ದಪ್ಪನೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಅದರೊಳಗೆ ಬ್ಲೇಡ್ ಇಳಿಸಬೇಕು. ಮುಕ್ಕಾಲು ತುಂಬಿದಾಗ ಬಿಗಿಯಾಗಿ ಅಂಟಿಸಿ, ಮೇಲೆ ‘ಬ್ಲೇಡ್’ ಎಂದು ಬರೆದು ಬೇರೆಯಾಗಿಯೇ ಕೊಡಬೇಕು.

ಕೆಲಸದ ನಡುವೆ ಸ್ವಂತ ಬೆರಳು ಕೊಯ್ದುಕೊಂಡರೆ ಗಾಯವನ್ನು ಹಿಂಡಬಾರದು, ಬಾಯಿಗೆ ಇಡಬಾರದು, ಬ್ಲೀಚ್ ಸುರಿಯಬಾರದು. ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು, ನೀರು ಹೊಗದ ಪಟ್ಟಿ ಅಂಟಿಸಬೇಕು. ಗಿರಾಕಿಯ ರಕ್ತ ಆ ಗಾಯಕ್ಕೆ ತಾಗಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೆಪಟೈಟಿಸ್ ಬಿ ತಡೆಯುವ ಚುಚ್ಚುಮದ್ದು 24 ಗಂಟೆಯೊಳಗೆ ಸಿಕ್ಕರೆ ಹೆಚ್ಚು ಫಲಕಾರಿ. ಎಚ್‌ಐವಿ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸಲೇಬೇಕು. ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಾಣುವಿಗೆ ಲಸಿಕೆಯಿಲ್ಲ, ಆದರೆ ಮೂರು ತಿಂಗಳ ಮಾತ್ರೆಗಳಿಂದ ನೂರಕ್ಕೆ ತೊಂಬತ್ತೈದರಷ್ಟು ಮಂದಿ ಗುಣಮುಖರಾಗುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.

ಹೆಪಟೈಟಿಸ್ ಬಿಗೆ ಲಸಿಕೆಯಿದೆ. ಮೊದಲನೆಯದು ಇಂದು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಎಲ್ಲ ರಾಜ್ಯಗಳನ್ನೂ ತಲುಪಿದ್ದು 2011ರ ಹೊತ್ತಿಗೆ. ಎಂದರೆ ಇಂದು ಕುರ್ಚಿಯ ಹಿಂದೆ ನಿಂತು ಕೆಲಸ ಮಾಡುತ್ತಿರುವವರಲ್ಲಿ ಬಹುತೇಕರಿಗೆ ಬಾಲ್ಯದಲ್ಲಿ ಇದು ಸಿಕ್ಕಿರಲಾರದು. ಮೊದಲು ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಮೂರೂ ಚುಚ್ಚುಮದ್ದು ಪಡೆಯಬೇಕು. ಒಂದು ಹಾಕಿಸಿಕೊಂಡು ಉಳಿದದ್ದನ್ನು ಮರೆತವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಬಹುದು. ಮೂರನೆಯದಾಗಿ ಒಂದೆರಡು ತಿಂಗಳಿಗೆ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರೆ ರಕ್ಷಣೆ ಹುಟ್ಟಿದೆಯೋ ಇಲ್ಲವೋ ಎಂಬುದು ಖಚಿತವಾಗುತ್ತದೆ.